ಪುಡಿಹಿಮ ಮತ್ತು ಸ್ನೋಮೊಬೈಲ್ ಟ್ರ್ಯಾಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ನೋಮೊಬೈಲ್‌ನ ಹಿಂಭಾಗದಲ್ಲಿ ಸುತ್ತುವ ರಬ್ಬರ್ ಪಟ್ಟಿಯೇ ಟ್ರ್ಯಾಕ್. ಅದರ ಹೊರಮೈಯಲ್ಲಿ ಎದ್ದು ನಿಂತಿರುವ ರಬ್ಬರ್ ಅಲಗುಗಳಿಗೆ ಲಗ್ ಎನ್ನುತ್ತಾರೆ. ಆಳವಾದ ಪುಡಿಹಿಮದಲ್ಲಿ ಯಾವ ಟ್ರ್ಯಾಕ್ ಒಳ್ಳೆಯದು, ಯಾಕೆ ಹೂತುಹೋಗುತ್ತದೆ, ಬದಲಾಯಿಸುವಾಗ ಏನು ನೋಡಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ತಯಾರಕರು ಟ್ರ್ಯಾಕ್ ಅಳತೆಯನ್ನು ಇಂಚಿನಲ್ಲೇ ಮುದ್ರಿಸುವುದರಿಂದ ನಾವೂ ಇಂಚನ್ನೇ ಬಳಸಿದ್ದೇವೆ. ಒಂದು ಇಂಚು ಎಂದರೆ 25.4 ಮಿ.ಮೀ.

ಪ್ರಶ್ನೆ: ನನ್ನ ಗಾಡಿಯ ಟ್ರ್ಯಾಕ್ 137 ಇಂಚು ಉದ್ದ, 15 ಇಂಚು ಅಗಲ, ಲಗ್ ಎತ್ತರ 1.6 ಇಂಚು. ಗಟ್ಟಿಯಾದ ಹಾದಿಯಲ್ಲಿ ಯಾವ ತೊಂದರೆಯೂ ಇಲ್ಲ. ಸೊಂಟಮಟ್ಟದ ಹೊಸ ಹಿಮಕ್ಕೆ ಇಳಿದರೆ ಮಾತ್ರ ಹಿಂಭಾಗ ಕುಸಿಯುತ್ತದೆ. ಥ್ರಾಟಲ್ ಒತ್ತಿದಷ್ಟೂ ಇನ್ನೂ ಆಳಕ್ಕೆ ಇಳಿಯುತ್ತದೆ. 2.5 ಇಂಚಿನ ಲಗ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಉದ್ದ ಅಷ್ಟೇ ಇದ್ದು ಲಗ್ ಒಂದನ್ನೇ ಎತ್ತರಿಸಿದರೆ ಗಾಡಿ ಇನ್ನೂ ಬೇಗ ಹೂತುಹೋಗಬಹುದು. ಕಾರಣ ತಿಳಿಯಲು ಹಿಮದ ಕಡೆಯಿಂದ ನೋಡಬೇಕು.

ಆಗಷ್ಟೇ ಬಿದ್ದ ಒಣ ಪುಡಿಹಿಮ ಒಂದು ಘನ ಮೀಟರಿಗೆ ಸುಮಾರು 50ರಿಂದ 100 ಕೆ.ಜಿ. ತೂಗುತ್ತದೆ. ಅಂದರೆ ಅದರ ಗಾತ್ರದಲ್ಲಿ ಬಹುಪಾಲು ಗಾಳಿ. ಅಂಥ ಹಿಮವನ್ನು ಲಗ್ ಕಚ್ಚಿ ಹಿಡಿಯಲಾಗದು, ಹಿಡಿಯುವುದಕ್ಕೆ ಅಲ್ಲಿ ಗಟ್ಟಿಯಾದದ್ದೇನೂ ಇಲ್ಲ. ಟ್ರ್ಯಾಕಿನ ಮುಂಭಾಗದ ಇಳಿಜಾರು ಮೊದಲು ಹಿಮವನ್ನು ಕೆಳಕ್ಕೆ ಒತ್ತಿ ಅದುಮುತ್ತದೆ. ಅದುಮಿದ ಹಿಮಕ್ಕೆ ಸ್ವಲ್ಪ ಬಲ ಬರುತ್ತದೆ. ಆ ಬಲ ಬಂದ ಪದರವನ್ನು ಲಗ್ ಹಿಂದಕ್ಕೆ ತಳ್ಳುತ್ತದೆ, ಗಾಡಿ ಮುಂದೆ ಸಾಗುತ್ತದೆ. ಲಗ್ ತಳ್ಳುವ ಬಲ ಆ ಪದರದ ತಾಳಿಕೆಯನ್ನು ಮೀರಿದರೆ ಹಿಮದ ತುಂಡು ಮುರಿದು ಹಿಂದಕ್ಕೆ ಚಿಮ್ಮುತ್ತದೆ. ಮುಂದಿನ ಲಗ್‌ಗೆ ಅದೇ ಜಾಗದಲ್ಲಿ ಸಡಿಲ ಹಿಮ ಸಿಗುತ್ತದೆ, ಅದನ್ನೂ ಎತ್ತಿ ಎಸೆಯುತ್ತದೆ. ಹೀಗೆ ಟ್ರ್ಯಾಕ್ ತನ್ನ ಕೆಳಗೆ ತಾನೇ ಹೊಂಡ ತೋಡಿಕೊಳ್ಳುತ್ತದೆ. ಎತ್ತರದ ಲಗ್ ಒಂದು ಸುತ್ತಿನಲ್ಲಿ ಹೆಚ್ಚು ಹಿಮ ಎತ್ತುತ್ತದೆ. ಆದ್ದರಿಂದ ತೇಲುವ ಅಳತೆ ಸಾಲದ ಗಾಡಿಗೆ ಅದನ್ನು ಹಾಕಿದರೆ ತೋಡುವ ಕೆಲಸವೇ ಜೋರಾಗುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಉದ್ದ. ಟ್ರ್ಯಾಕಿನ ಸುತ್ತಳತೆಗೆ 10 ಇಂಚು ಸೇರಿಸಿದರೆ ಸುಮಾರು ಅರ್ಧ ಮೇಲ್ಭಾಗಕ್ಕೆ ಹೋಗುತ್ತದೆ, ಇನ್ನರ್ಧ ಹಿಮದ ಮೇಲೆ ಕೂರುತ್ತದೆ. 137ರಿಂದ 154ಕ್ಕೆ ಹೋದರೆ ನೆಲ ಮುಟ್ಟುವ ಉದ್ದ ಸುಮಾರು 8.5 ಇಂಚು ಹೆಚ್ಚುತ್ತದೆ. 15 ಇಂಚು ಅಗಲದಲ್ಲಿ ಅದು 127 ಚದರ ಇಂಚಿಗೂ ಹೆಚ್ಚು. ಇದರಿಂದ ಎರಡು ಲಾಭ. ಗಾಡಿಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಕಡಿಮೆ ಮುಳುಗುತ್ತದೆ. ತಳ್ಳುವ ಬಲವೂ ಹೆಚ್ಚು ಲಗ್‌ಗಳಿಗೆ ಹಂಚಿಹೋಗುವುದರಿಂದ ಒಂದೊಂದು ಲಗ್ ಹಿಂದಿರುವ ಹಿಮದ ಮೇಲೆ ಒತ್ತಡ ತಗ್ಗುತ್ತದೆ, ಪದರ ಮುರಿಯುವುದು ತಡವಾಗುತ್ತದೆ. ಬೆಟ್ಟದ ಪುಡಿಹಿಮಕ್ಕೆಂದೇ ಮಾಡಿದ ಗಾಡಿಗಳು 154ರಿಂದ 175 ಇಂಚಿನವರೆಗೆ ಇರುವುದು ಇದೇ ಕಾರಣಕ್ಕೆ.

ನಿಮ್ಮ ಗಾಡಿಯನ್ನು 154ಕ್ಕೆ ಏರಿಸಬೇಕಾದರೆ ಟನಲ್ (ಟ್ರ್ಯಾಕಿನ ಮೇಲೆ ಕವುಚಿದಂತಿರುವ ಲೋಹದ ಚೌಕಟ್ಟು) ಮತ್ತು ಹಳಿ (ಟ್ರ್ಯಾಕಿನೊಳಗೆ ಅದು ಜಾರಿಕೊಂಡು ಸುತ್ತುವ ಉದ್ದ ಪಟ್ಟಿ) ಎರಡನ್ನೂ ಉದ್ದ ಮಾಡಿಸಬೇಕು. ಅದು ದೊಡ್ಡ ಕೆಲಸ, ನಮ್ಮ ದೃಷ್ಟಿಯಲ್ಲಿ ಆ ಖರ್ಚಿಗೆ ಅರ್ಥವಿಲ್ಲ. 137ರಲ್ಲೇ ಉಳಿಯುವುದಾದರೆ, ಟನಲ್‌ನಲ್ಲಿ ಜಾಗ ಇದೆಯೇ ಎಂದು ಅಳೆದು 2 ಇಂಚಿನ ಲಗ್‌ವರೆಗೆ ಹೋಗಿ. ಮೊಣಕಾಲುಮಟ್ಟದ ಹಿಮಕ್ಕೆ ಅದು ಸಾಕು. ಸೊಂಟಮಟ್ಟದ ಹಿಮವನ್ನು ಅದರಿಂದ ನಿರೀಕ್ಷಿಸಬೇಡಿ.

ಓಡಿಸುವ ರೀತಿಯನ್ನೂ ಬದಲಿಸಿಕೊಳ್ಳಿ. ನಿಂತಲ್ಲಿಂದ ಹೊರಡುವಾಗ ಥ್ರಾಟಲ್ ಅನ್ನು ಮೆಲ್ಲಗೆ ಒತ್ತಿ, ಗಾಡಿ ಒಂದೆರಡು ಮೀಟರ್ ಸಾಗಿ ಹಿಮದ ಮೇಲಕ್ಕೆ ಏರಿದ ನಂತರ ವೇಗ ಕೊಡಿ. ವೇಗ ಬಂದ ಮೇಲೆ ಅದನ್ನು ಕಳೆದುಕೊಳ್ಳಬೇಡಿ. ನಿಲ್ಲಿಸಲೇಬೇಕಾದರೆ ಮೂತಿ ಇಳಿಜಾರಿನ ಕಡೆಗಿರಲಿ.

ಪ್ರಶ್ನೆ: 600 ಸಿಸಿ ಗಾಡಿಗೆ 3 ಇಂಚಿನ ಲಗ್ ಇರುವ ಟ್ರ್ಯಾಕ್ ಹಾಕಬಹುದೇ? 850 ಸಿಸಿ ಗಾಡಿಗಳಲ್ಲಿ ಅದು ಚೆನ್ನಾಗಿ ಓಡುವುದನ್ನು ನೋಡಿದ್ದೇನೆ.

ಉತ್ತರ: ಹಾಕಬಹುದು. ಆದರೆ ನಾವು ಬೇಡ ಎನ್ನುತ್ತೇವೆ. ಎತ್ತರದ ಲಗ್‌ಗೆ ಟ್ರ್ಯಾಕಿನ ವೇಗ ಬೇಕು. ಹಿಮವನ್ನು ಹಿಡಿದು, ಹಿಂದಕ್ಕೆ ಬಿಟ್ಟು, ಮುಂದಿನ ಸುತ್ತಿಗೆ ಲಗ್ ಖಾಲಿಯಾಗಿ ಬರಬೇಕು. ಅಷ್ಟು ವೇಗದಲ್ಲಿ ಸುತ್ತಿಸಲು ಎಂಜಿನ್‌ಗೆ ಶಕ್ತಿ ಸಾಲದಿದ್ದರೆ ಆರ್‌ಪಿಎಂ ಕುಸಿಯುತ್ತದೆ, ಲಗ್‌ಗಳ ನಡುವೆ ಹಿಮ ತುಂಬಿಕೊಳ್ಳುತ್ತದೆ, ಗಾಡಿ ಎಳೆದಾಡಿಕೊಂಡು ನಿಂತುಬಿಡುತ್ತದೆ.

600 ಸಿಸಿ ದರ್ಜೆಯ ಎರಡು ಸ್ಟ್ರೋಕ್ ಎಂಜಿನ್ ಸುಮಾರು 120ರಿಂದ 125 ಅಶ್ವಶಕ್ತಿ ಕೊಡುತ್ತದೆ. 850 ದರ್ಜೆಯದು ಸುಮಾರು 165. ಈ ಲೆಕ್ಕ ಸಮುದ್ರಮಟ್ಟದ್ದು. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 3,000 ಮೀಟರ್ ಎತ್ತರದ ಕಣಿವೆಯಲ್ಲಿ ನಿಮ್ಮ 120 ಅಶ್ವಶಕ್ತಿ 85ರ ಆಸುಪಾಸಿಗೆ ಇಳಿದಿರುತ್ತದೆ. 600ಕ್ಕೆ 154 ಅಥವಾ 155 ಇಂಚು ಉದ್ದ, 2.25ರಿಂದ 2.5 ಇಂಚಿನ ಲಗ್ ಸರಿಯಾದ ಜೋಡಿ.

ಹಿಮದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಯೂಟಾ, ಕೊಲರಾಡೊ ಕಡೆಯ ಒಣ ಹಿಮದಲ್ಲಿ ಎತ್ತರದ ಲಗ್‌ಗೆ ಬೆಲೆ ಇದೆ. ಕ್ಯಾಸ್ಕೇಡ್ ಬೆಟ್ಟಸಾಲಿನಂಥ ಕರಾವಳಿಗೆ ಹತ್ತಿರದ ಜಾಗಗಳಲ್ಲಿ ಹಿಮ ಒದ್ದೆಯಾಗಿ ಭಾರವಾಗಿರುತ್ತದೆ. ಅಲ್ಲಿ 2.5 ಇಂಚಿನ ಲಗ್ ಕೂಡ ಚೆನ್ನಾಗಿ ಹಿಡಿಯುತ್ತದೆ, 3 ಇಂಚಿನದು ಎಂಜಿನ್ ಶಕ್ತಿಯನ್ನು ಸುಮ್ಮನೆ ತಿನ್ನುತ್ತದೆ.

ಪ್ರಶ್ನೆ: ಟ್ರ್ಯಾಕ್ ಮೇಲೆ ಪಿಚ್ 2.86, 3.0, 3.5 ಎಂದೆಲ್ಲ ಬರೆದಿರುತ್ತದೆ. ಉದ್ದ ಅಗಲ ಸರಿಯಾಗಿದ್ದರೆ ಪಿಚ್ ಯಾವುದಿದ್ದರೂ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಟ್ರ್ಯಾಕಿನೊಳಗೆ ಅಡ್ಡಡ್ಡಲಾಗಿ ಫೈಬರ್‌ಗ್ಲಾಸ್ ಕಡ್ಡಿಗಳನ್ನು ರಬ್ಬರ್‌ನಲ್ಲಿ ಹುದುಗಿಸಿರುತ್ತಾರೆ. ಒಂದು ಕಡ್ಡಿಯಿಂದ ಮುಂದಿನ ಕಡ್ಡಿಗೆ ಇರುವ ದೂರವೇ ಪಿಚ್. ಟ್ರ್ಯಾಕನ್ನು ಸುತ್ತಿಸುವ ಡ್ರೈವರ್ ಗಾಲಿಯ ಹಲ್ಲುಗಳ ಅಂತರ ಇದಕ್ಕೆ ಸರಿಹೊಂದಲೇಬೇಕು. ಪಿಚ್ ಬದಲಾದರೆ ಡ್ರೈವರ್ ಬದಲಾಗಲೇಬೇಕು, ಮಧ್ಯದ ದಾರಿ ಇಲ್ಲ.

ಟ್ರ್ಯಾಕಿನ ನಿಜವಾದ ಉದ್ದ ತಿಳಿಯಲು ಸುಲಭದ ಉಪಾಯ ಎಂದರೆ ಕಡ್ಡಿಗಳನ್ನು ಎಣಿಸಿ ಪಿಚ್‌ನಿಂದ ಗುಣಿಸುವುದು. ಬರೆದಿರುವ ಉದ್ದ ದುಂಡಗೆ ಮಾಡಿದ ಅಂಕಿ. 121 ಇಂಚಿನ ಟ್ರ್ಯಾಕ್ ಎಂದರೆ 2.52ರ 48 ಪಿಚ್, ನಿಜವಾದ ಉದ್ದ 120.96. 163 ಎಂದರೆ 2.86ರ 57 ಪಿಚ್. 162 ಎಂದರೆ 3.0ರ 54 ಪಿಚ್. ಅಂಕಿಯಲ್ಲಿ ಒಂದೇ ಇಂಚು ವ್ಯತ್ಯಾಸ ಕಂಡರೂ ಇವೆರಡೂ ಒಂದರ ಜಾಗಕ್ಕೆ ಇನ್ನೊಂದು ಸೇರುವಂಥವಲ್ಲ. ಹಳೆಯ ಟ್ರ್ಯಾಕ್ ಕೊಳ್ಳುವಾಗ ಆಗುವ ತಪ್ಪು ಬಹುಮಟ್ಟಿಗೆ ಇದೇ.

ಪುಡಿಹಿಮದಲ್ಲಿ ಪಿಚ್‌ನ ಪರಿಣಾಮ ಏನು? ನೆಲ ಮುಟ್ಟುವ ಉದ್ದ 60 ಇಂಚು, ಪ್ರತಿ ಪಿಚ್‌ಗೆ ಒಂದು ಸಾಲು ಲಗ್ ಎಂದುಕೊಳ್ಳಿ. 2.52 ಪಿಚ್‌ನಲ್ಲಿ ಸುಮಾರು 24 ಸಾಲು, 3.0ರಲ್ಲಿ 20, 3.5ರಲ್ಲಿ 17. ಸಾಲುಗಳು ದೂರವಾದಷ್ಟೂ ನಡುವಿನ ಹಿಮದ ತುಂಡು ದಪ್ಪವಾಗುತ್ತದೆ, ಲಗ್ ತಳ್ಳಿದರೂ ಬೇಗ ಮುರಿಯುವುದಿಲ್ಲ. ಎತ್ತರದ ಲಗ್‌ಗಳನ್ನು ಒತ್ತೊತ್ತಾಗಿ ಇಟ್ಟರೆ ನಡುವಿನ ಹಿಮ ತೆಳ್ಳಗಿನ ಹಾಳೆಯಾಗಿ ಕಿತ್ತುಬರುತ್ತದೆ, ಜೊತೆಗೆ ಲಗ್‌ಗಳ ಸಂದಿಯಲ್ಲೇ ಅಂಟಿಕೊಳ್ಳುತ್ತದೆ. 3 ಇಂಚಿನ ಲಗ್ ಬಂದ ಮೇಲೆ 3.5 ಪಿಚ್ ಬಳಕೆಗೆ ಬಂದದ್ದು ಇದಕ್ಕೇ. ಸಾಲು ಕಡಿಮೆಯಾದರೆ ರಬ್ಬರ್‌ನ ತೂಕವೂ ತಗ್ಗುತ್ತದೆ. ಸುತ್ತುವ ತೂಕ ತಗ್ಗಿದಷ್ಟೂ ಥ್ರಾಟಲ್‌ಗೆ ಟ್ರ್ಯಾಕ್ ಬೇಗ ಸ್ಪಂದಿಸುತ್ತದೆ. ಗಟ್ಟಿ ಹಾದಿಯಲ್ಲಿ ಮಾತ್ರ ದೊಡ್ಡ ಪಿಚ್‌ನಿಂದ ಗಡಗಡ ನಡುಕ ಹೆಚ್ಚು.

ಡ್ರೈವರ್ ಬದಲಿಸಿದಾಗ ಗೇರಿಂಗ್ ಕೂಡ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. 8 ಹಲ್ಲಿನ 2.86 ಪಿಚ್ ಡ್ರೈವರ್ ಒಂದು ಸುತ್ತಿಗೆ 22.88 ಇಂಚು ಟ್ರ್ಯಾಕ್ ಎಳೆಯುತ್ತದೆ. 7 ಹಲ್ಲಿನ 3.0 ಪಿಚ್‌ನದು 21 ಇಂಚು ಎಳೆಯುತ್ತದೆ. ಅಂದರೆ ಗೇರಿಂಗ್ ಶೇ. 8ರಷ್ಟು ತಗ್ಗಿದಂತಾಯಿತು. ಪುಡಿಹಿಮಕ್ಕೆ ಇದು ಬಹುಪಾಲು ಅನುಕೂಲವೇ. ಆದರೂ ಕ್ಲಚ್ ಹೊಂದಾಣಿಕೆಯನ್ನು ಮತ್ತೆ ನೋಡಿ, ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟಬೇಕು, ಅದನ್ನು ದಾಟಬಾರದು.

ಟನಲ್‌ನಲ್ಲಿ ಜಾಗದ ಲೆಕ್ಕ ಹೀಗೆ: 7 ಹಲ್ಲಿನ 3.0 ಪಿಚ್ ಡ್ರೈವರ್‌ನ ಸುತ್ತಳತೆ 21 ಇಂಚು, ಹಾಗಾಗಿ ತ್ರಿಜ್ಯ ಸುಮಾರು 3.35 ಇಂಚು. ಅದಕ್ಕೆ ರಬ್ಬರ್ ಪಟ್ಟಿಯ ದಪ್ಪ ಕಾಲು ಇಂಚು, ಲಗ್ 2.5 ಇಂಚು ಸೇರಿಸಿದರೆ 6.1 ಇಂಚು. ಡ್ರೈವರ್ ಆಕ್ಸಲ್‌ನ ನಡುಬಿಂದುವಿನಿಂದ ಅತಿ ಹತ್ತಿರದ ಟನಲ್ ಗೋಡೆ ಅಥವಾ ಎಂಜಿನ್ ತಣಿಸುವ ಕೂಲರ್‌ಗೆ ಇದಕ್ಕಿಂತ ಕನಿಷ್ಠ ಅರ್ಧ ಇಂಚು ಹೆಚ್ಚು ದೂರ ಇರಲಿ. ವೇಗದಲ್ಲಿ ಟ್ರ್ಯಾಕ್ ಹೊರಕ್ಕೆ ಉಬ್ಬುತ್ತದೆ, ಲಗ್ ಕೂಡ ಹಿಗ್ಗುತ್ತದೆ. ನಿಂತಾಗ ತಾಗದ ಲಗ್ ಓಡುವಾಗ ಕೂಲರ್ ಅನ್ನು ಉಜ್ಜಿ ತೂತು ಮಾಡಬಲ್ಲದು.

ಪ್ರಶ್ನೆ: 15 ಇಂಚು ಅಗಲವೋ 16 ಇಂಚೋ? ಒಂದು ಇಂಚಿನಿಂದ ಏನು ವ್ಯತ್ಯಾಸವಾದೀತು?

ಉತ್ತರ: ನೆಲ ಮುಟ್ಟುವ ಉದ್ದ 65 ಇಂಚು ಇದ್ದರೆ 65 ಚದರ ಇಂಚು ಹೆಚ್ಚುತ್ತದೆ, ಇದು ಸಣ್ಣದಲ್ಲ. ಇನ್ನೊಂದು ಕಡೆ, ಬೆಟ್ಟದ ಮೈಗೆ ಅಡ್ಡಲಾಗಿ ಸಾಗುವಾಗ ಗಾಡಿಯನ್ನು ಮೇಲಿನ ಬದಿಗೆ ವಾಲಿಸಿ ಟ್ರ್ಯಾಕಿನ ಅಂಚಿನ ಮೇಲೆ ನಿಲ್ಲಿಸಬೇಕಾಗುತ್ತದೆ. ಅಗಲ ಹೆಚ್ಚಿದಷ್ಟೂ ವಾಲಿಸಲು ಬಲ ಹೆಚ್ಚು ಬೇಕು. ಈ ಇಕ್ಕಟ್ಟಿಗೆ ತಯಾರಕರು ಬೇರೆ ಬೇರೆ ಪರಿಹಾರ ಹುಡುಕಿದ್ದಾರೆ. ಸ್ಕೀ-ಡೂ 2013ರ ಸಮ್ಮಿಟ್ ಮಾದರಿಗಳಲ್ಲಿ ಫ್ಲೆಕ್ಸ್‌ಎಡ್ಜ್ ಎಂಬ ಟ್ರ್ಯಾಕ್ ತಂದಿತು. ಅದರಲ್ಲಿ ಕಡ್ಡಿಗಳು ಅಂಚಿನವರೆಗೆ ಬರುವುದಿಲ್ಲ, ಹಾಗಾಗಿ ಅಂಚು ಮಡಚಿಕೊಂಡು 16 ಇಂಚಿನ ಗಾಡಿಯೂ ಸಲೀಸಾಗಿ ವಾಲುತ್ತದೆ. ಆರ್ಕ್‌ಟಿಕ್ ಕ್ಯಾಟ್ 2019ರ ಆಲ್ಫಾ ಒನ್ ಮಾದರಿಯಲ್ಲಿ ಎರಡು ಹಳಿಗಳ ಬದಲು ನಡುವೆ ಒಂದೇ ಹಳಿ ಇಟ್ಟಿತು.

ಅಂಚು ಬಾಗುವ ಟ್ರ್ಯಾಕ್‌ನಲ್ಲಿ ಒಂದು ಕೊರತೆಯೂ ಇದೆ: ಗಟ್ಟಿ ಹಿಮದ ಇಳಿಜಾರಿನಲ್ಲಿ ಅಂಚು ಮಡಚಿ ಗಾಡಿ ಕೆಳಕ್ಕೆ ಜಾರುತ್ತದೆ. ಬೆಳಗಿನ ಹೆಪ್ಪುಗಟ್ಟಿದ ಮೇಲ್ಪದರದ ಮೇಲೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಮರಗಳ ನಡುವೆ ತಿರುಗಿಸುತ್ತ ಓಡಿಸುವವರಿಗೆ ನಾವು 15 ಇಂಚು ಹೇಳುತ್ತೇವೆ. ದೇಹದ ತೂಕ ಹೆಚ್ಚಿರುವವರಿಗೆ, ಬೆನ್ನಿಗೆ ಭಾರ ಹೊತ್ತು ಹೋಗುವವರಿಗೆ 16. ಸಾಮಾನು ಎಳೆಯುವ ಗಾಡಿಗಳ 20 ಮತ್ತು 24 ಇಂಚಿನ ಟ್ರ್ಯಾಕ್ ಆಳ ಹಿಮದ ಮೇಲೆ ನಿಧಾನವಾಗಿ ತೇಲಿಕೊಂಡು ಹೋಗುವುದಕ್ಕೆ ಹೇಳಿಮಾಡಿಸಿದ್ದು. ಅವುಗಳಲ್ಲಿ ಅಡ್ಡ ಇಳಿಜಾರಿಗೆ ಹೋಗಬೇಡಿ.

ಪ್ರಶ್ನೆ: ಪುಡಿಹಿಮದ ಜಾಗ ಮುಟ್ಟಲು 20 ಕಿ.ಮೀ. ಗಟ್ಟಿ ಹಾದಿಯಲ್ಲಿ ಹೋಗಬೇಕು. ಅಷ್ಟರಲ್ಲೇ ಎಂಜಿನ್ ಬಿಸಿ ಏರುತ್ತದೆ. ಈ ಸಲ ಲಗ್‌ಗಳ ಬುಡದಲ್ಲಿ ಬಿರುಕೂ ಕಂಡಿದೆ. ಟ್ರ್ಯಾಕ್ ಕಳಪೆಯೇ?

ಉತ್ತರ: ಟ್ರ್ಯಾಕ್ ಕಳಪೆ ಎನ್ನಲು ಇಷ್ಟೇ ಸಾಲದು. ಆಳ ಹಿಮದ ಲಗ್‌ಗಳಿಗೆ ಮೆದು ರಬ್ಬರ್ ಬಳಸುತ್ತಾರೆ. ಕೆಲವು ಟ್ರ್ಯಾಕ್‌ಗಳಲ್ಲಿ ಬುಡ ಗಟ್ಟಿ, ತುದಿ ಮೆದು. ಗಟ್ಟಿ ನೆಲದಲ್ಲಿ ಎತ್ತರದ ಲಗ್ ಪ್ರತಿ ಸುತ್ತಿಗೂ ಮಡಚಿ ನೆಟ್ಟಗಾಗುತ್ತದೆ. ಈ ಮಡಚುವಿಕೆಯಿಂದ ಒಳಗೇ ಶಾಖ ಹುಟ್ಟಿ ಬುಡದಲ್ಲಿ ರಬ್ಬರ್ ಬಿಡುತ್ತದೆ. ವೇಗ ಹೆಚ್ಚಿದಷ್ಟೂ ಬೇಗ. ಆಳ ಲಗ್‌ನ ಗಾಡಿಗಳ ಕೈಪಿಡಿಯಲ್ಲಿ ಗಟ್ಟಿ ಹಾದಿಯಲ್ಲಿ ಹೆಚ್ಚು ಹೊತ್ತು ವೇಗವಾಗಿ ಓಡಿಸಬೇಡಿ ಎಂದು ಎಚ್ಚರಿಸುವುದು ಇದಕ್ಕೇ.

ಎಂಜಿನ್ ಬಿಸಿಗೆ ಕಾರಣ ಬೇರೆ. ಟನಲ್‌ನ ಅಡಿಯಲ್ಲಿರುವ ಕೂಲರ್ ತಂಪಾಗುವುದು ಟ್ರ್ಯಾಕ್ ಎಸೆಯುವ ಹಿಮದಿಂದ. ಹಳಿಯ ಕೆಳಗಿನ ಪ್ಲಾಸ್ಟಿಕ್ ಸ್ಲೈಡ್‌ಗೂ ಅದೇ ಹಿಮ ಎಣ್ಣೆಯಂತೆ ಜಾರಿಕೆ ಕೊಡುತ್ತದೆ. ಹಿಮ ಬರದಿದ್ದರೆ ಸ್ಲೈಡ್ ಕರಗಿ ಟ್ರ್ಯಾಕಿನ ಲೋಹದ ಕ್ಲಿಪ್‌ಗಳಿಗೆ ಅಂಟುತ್ತದೆ. ಹಳಿಗಳಿಗೆ ಐಸ್ ಸ್ಕ್ರ್ಯಾಚರ್ (ಗಟ್ಟಿ ಹಾದಿಯನ್ನು ಕೆರೆದು ಹಿಮದ ಪುಡಿ ಎಬ್ಬಿಸುವ ಕಡ್ಡಿ) ಜೋಡಿ ಹಾಕಿಸಿ. ಗಟ್ಟಿ ಹಾದಿಯಲ್ಲಿ ಅವನ್ನು ಇಳಿಸಿ, ಪುಡಿಹಿಮ ಸಿಕ್ಕೊಡನೆ ಎತ್ತಿಡಿ. ವೇಗ ತಗ್ಗಿಸಿ. ಆಗಾಗ ಹಾದಿಯ ಅಂಚಿನ ಸಡಿಲ ಹಿಮಕ್ಕೆ ಗಾಡಿಯನ್ನು ಇಳಿಸಿ ಸ್ವಲ್ಪ ದೂರ ಓಡಿಸಿದರೆ ಲಗ್, ಸ್ಲೈಡ್, ಎಂಜಿನ್ ಮೂರೂ ತಣಿಯುತ್ತವೆ. ಬಿರುಕು ಬಿಟ್ಟ ಲಗ್‌ಗಳನ್ನು ಪ್ರತಿ ಸವಾರಿಯ ನಂತರ ನೋಡುತ್ತಿರಿ. ಬಿರುಕು ಕಡ್ಡಿಯವರೆಗೆ ಇಳಿದಿದ್ದರೆ ಟ್ರ್ಯಾಕ್ ಬದಲಿಸಿ.

ಪ್ರಶ್ನೆ: ಟ್ರ್ಯಾಕ್ ಎಷ್ಟು ಬಿಗಿ ಇರಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಗಾಡಿಗೊಂದು ಲೆಕ್ಕ ಇರುವುದರಿಂದ ಕೈಪಿಡಿಯ ಅಂಕಿಯೇ ಕೊನೆ ಮಾತು. ಅಳೆಯುವ ಕ್ರಮ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಎಂಜಿನ್ ಆರಿಸಿ, ಗಾಡಿಯ ಹಿಂಭಾಗವನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಟ್ರ್ಯಾಕ್ ನೆಲ ಬಿಟ್ಟು ತೂಗುವಂತೆ ಮಾಡಿ. ಒಳಗೆ ಅಂಟಿದ ಹಿಮ, ಐಸ್ ತೆಗೆಯಿರಿ. ಕೈಪಿಡಿ ಹೇಳಿದ ಜಾಗದಲ್ಲಿ ಹೇಳಿದಷ್ಟು ತೂಕ ತೂಗುಹಾಕಿ, ಸ್ಲೈಡ್‌ನಿಂದ ಟ್ರ್ಯಾಕಿನ ಒಳಮೈ ಎಷ್ಟು ಕೆಳಗಿಳಿದಿದೆ ಎಂದು ಅಳೆಯಿರಿ. ಕೆಲವು ತಯಾರಕರು 4.5 ಕೆ.ಜಿ. ಹೇಳುತ್ತಾರೆ, ಕೆಲವರು 7.3 ಕೆ.ಜಿ. ಒಬ್ಬೊಬ್ಬರು ಒಂದೊಂದು ಹೇಳುವುದು ಇದರಿಂದಲೇ: ತೂಕ ಬೇರೆಯಾದರೆ ಇಳಿತದ ಅಂಕಿಯೂ ಬೇರೆ.

ಸರಿಪಡಿಸಲು ಹಿಂದಿನ ಆಕ್ಸಲ್ ಬೋಲ್ಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್ ಬೋಲ್ಟ್‌ಗಳನ್ನು ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ. ನಂತರ ಎಂಜಿನ್ ಹಚ್ಚಿ ಟ್ರ್ಯಾಕನ್ನು ನಿಧಾನವಾಗಿ ಕೆಲವು ಸುತ್ತು ಓಡಿಸಿ, ಆರಿಸಿ, ಎರಡೂ ಬದಿಯಲ್ಲಿ ಹಳಿಗೂ ಟ್ರ್ಯಾಕಿನ ಅಂಚಿಗೂ ಇರುವ ದೂರ ನೋಡಿ. ಟ್ರ್ಯಾಕ್ ಸಡಿಲವಾದ ಬದಿಗೆ ಸರಿಯುತ್ತದೆ. ಎಡಕ್ಕೆ ಸರಿದಿದ್ದರೆ ಎಡ ಬೋಲ್ಟನ್ನು ಬಿಗಿ ಮಾಡಿ. ಸರಿಹೋದ ಮೇಲೆ ಆಕ್ಸಲ್ ಬೋಲ್ಟನ್ನು ಕೈಪಿಡಿಯ ಟಾರ್ಕ್‌ಗೆ ಬಿಗಿದು ಇನ್ನೊಮ್ಮೆ ಅಳೆಯಿರಿ. ಟ್ರ್ಯಾಕ್ ಸುತ್ತುವಾಗ ಹಿಂದೆ ಯಾರೂ ನಿಲ್ಲಬಾರದು. ಸಿಕ್ಕಿಕೊಂಡ ಕಲ್ಲೋ ಮುರಿದ ಕ್ಲಿಪ್ಪೋ ಗುಂಡಿನ ವೇಗದಲ್ಲಿ ಹಾರಿಬರುತ್ತದೆ.

ತೀರಾ ಬಿಗಿಯಾದರೆ ಶಕ್ತಿ ನಷ್ಟ, ಸ್ಲೈಡ್ ಮತ್ತು ಬೇರಿಂಗ್ ಸವೆತ. ತೀರಾ ಸಡಿಲವಾದರೆ ಜೋರಾಗಿ ಥ್ರಾಟಲ್ ಕೊಟ್ಟಾಗ ಅಥವಾ ಬ್ರೇಕ್ ಹಾಕಿದಾಗ ಡ್ರೈವರ್ ಹಲ್ಲುಗಳು ಟ್ರ್ಯಾಕಿನ ಒಳ ಹಲ್ಲುಗಳ ಮೇಲೆ ಹಾರಿ ಟಕಟಕ ಸದ್ದು ಬರುತ್ತದೆ. ಆ ಸದ್ದನ್ನು ಅಲಕ್ಷಿಸಿದರೆ ಒಳ ಹಲ್ಲುಗಳು ಕಿತ್ತುಹೋಗುತ್ತವೆ. ಹೊಸ ಟ್ರ್ಯಾಕ್ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಹಿಗ್ಗುತ್ತದೆ, ಆ ಅವಧಿಯಲ್ಲಿ ಹೆಚ್ಚು ಸಲ ಅಳೆಯಿರಿ.

ಪ್ರಶ್ನೆ: 165 ಇಂಚಿನ ಗಾಡಿ. ಏರು ಹತ್ತುವಾಗ ಮುಂಭಾಗದ ಸ್ಕೀಗಳು ಆಕಾಶ ನೋಡುತ್ತವೆ, ಹಿಂಭಾಗ ಅಗೆಯುತ್ತದೆ. ಟ್ರ್ಯಾಕ್ ಬದಲಿಸಬೇಕೇ?

ಉತ್ತರ: ಟ್ರ್ಯಾಕ್ ಮುಟ್ಟುವ ಮೊದಲು ಲಿಮಿಟರ್ ಪಟ್ಟಿ ನೋಡಿ. ಹಳಿಗಳ ಮುಂಭಾಗ ಎಷ್ಟು ಕೆಳಗಿಳಿಯಬಹುದು ಎಂಬುದನ್ನು ಅದು ನಿರ್ಧರಿಸುತ್ತದೆ. ಪಟ್ಟಿ ಉದ್ದವಾಗಿದ್ದರೆ ಹಳಿಯ ಮುಂಭಾಗ ಕೆಳಕ್ಕೆ ಚಾಚಿ ಗಾಡಿಯ ಮೂತಿಯನ್ನು ಎತ್ತುತ್ತದೆ. ಹಿಮವನ್ನು ಎದುರಿಸುವ ಇಳಿಜಾರು ಕಡಿದಾಗುತ್ತದೆ, ಟ್ರ್ಯಾಕ್ ಹಿಮದ ಮೇಲೆ ಹತ್ತುವ ಬದಲು ಅದನ್ನು ಗುದ್ದುತ್ತದೆ. ಪಟ್ಟಿಯನ್ನು ಒಂದು ತೂತು ಗಿಡ್ಡ ಮಾಡಿ ಅದೇ ಏರಿನಲ್ಲಿ ಓಡಿಸಿ ನೋಡಿ. ಸ್ಕೀಗಳ ಮೇಲೆ ಭಾರ ಬಂದು ಮೂತಿ ತಗ್ಗುತ್ತದೆ. ಒಮ್ಮೆಗೆ ಒಂದೇ ತೂತು, ಎರಡೂ ಪಟ್ಟಿ ಇದ್ದರೆ ಎರಡನ್ನೂ ಸಮನಾಗಿ. ತೀರಾ ಗಿಡ್ಡ ಮಾಡಿದರೆ ಸ್ಟಿಯರಿಂಗ್ ಭಾರವಾಗುತ್ತದೆ, ಸ್ಕೀಗಳು ಹಿಮದೊಳಗೆ ನುಗ್ಗುತ್ತವೆ. ಹಿಂದಿನ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದುವಾಗಿದ್ದರೂ ಇದೇ ತೊಂದರೆ ಬರುತ್ತದೆ, ಅದನ್ನೂ ನೋಡಿಕೊಳ್ಳಿ.

ಉದ್ದ ಟ್ರ್ಯಾಕ್, ಎತ್ತರದ ಲಗ್ ಇರುವ ಗಾಡಿ ಮೊದಲು ಹತ್ತಲಾಗದಿದ್ದ ಇಳಿಜಾರುಗಳನ್ನು ಹತ್ತುತ್ತದೆ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲೇ ಹಿಮಕುಸಿತ ಹೆಚ್ಚು. ಆ ದಿನದ ಹಿಮಕುಸಿತ ಮುನ್ಸೂಚನೆ ಓದದೆ ಹೊರಡಬೇಡಿ. ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆ ಮಾಡುವ ರೇಡಿಯೊ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಮೂರೂ ಪ್ರತಿಯೊಬ್ಬರ ಮೈಮೇಲಿರಲಿ, ಗಾಡಿಯ ಚೀಲದಲ್ಲಲ್ಲ. ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಂದೇ ಗಾಡಿ.

ಪ್ರಶ್ನೆ: 2.5 ಇಂಚಿನ ಲಗ್ ಟ್ರ್ಯಾಕ್‌ಗೆ ಲೋಹದ ಸ್ಟಡ್ ಹಾಕಿಸಬಹುದೇ?

ಉತ್ತರ: ಬೇಡ. ಟ್ರ್ಯಾಕಿಗೆ ಚುಚ್ಚಿ ಕೂರಿಸುವ ಮೊಳೆಯಂಥ ಈ ಸ್ಟಡ್ ಇರುವುದು ಐಸ್‌ಗೆ, ಪುಡಿಹಿಮದಲ್ಲಿ ಅದಕ್ಕೆ ಕೆಲಸವಿಲ್ಲ. ಬೆಟ್ಟದ ಟ್ರ್ಯಾಕ್‌ಗಳು ತೂಕ ಉಳಿಸಲು ಹೆಚ್ಚಾಗಿ ಒಂದೇ ಪದರದ ಬಟ್ಟೆಯವು, ಸ್ಟಡ್ ಅನ್ನು ಹಿಡಿದುಕೊಳ್ಳುವ ಗಟ್ಟಿತನ ಅವಕ್ಕಿಲ್ಲ.

ಪ್ರಶ್ನೆ: ಹೂತ ಗಾಡಿಯನ್ನು ಟ್ರ್ಯಾಕ್ ಹಾಳಾಗದಂತೆ ಹೊರತೆಗೆಯುವುದು ಹೇಗೆ? ರಾತ್ರಿ ಹೊರಗೆ ನಿಲ್ಲಿಸಿದರೆ ಬೆಳಿಗ್ಗೆ ಟ್ರ್ಯಾಕ್ ಕದಲುವುದೇ ಇಲ್ಲ, ಅದಕ್ಕೇನು ಮಾಡಬೇಕು?

ಉತ್ತರ: ಗಾಡಿ ಮುಂದೆ ಹೋಗುವುದು ನಿಂತೊಡನೆ ಥ್ರಾಟಲ್ ಬಿಡಿ. ಅಲ್ಲಿಂದಾಚೆಗಿನ ಪ್ರತಿ ಸುತ್ತೂ ಹೊಂಡವನ್ನು ಆಳ ಮಾಡುತ್ತದೆ, ಕೆಳಗೆ ಅಡಗಿದ ಬಂಡೆಗೆ ಲಗ್ ತಾಗಿದರೆ ಕತ್ತರಿಸಿಹೋಗುತ್ತದೆ. ಎಂಜಿನ್ ಆರಿಸಿ. ಕಾಲಿಡುವ ಹಲಗೆಗಳ ಕೆಳಗೆ ಮತ್ತು ಗಾಡಿಯ ಹೊಟ್ಟೆಯ ಕೆಳಗೆ ತುಂಬಿದ ಹಿಮವನ್ನು ಸಲಿಕೆಯಿಂದ ತೆಗೆಯಿರಿ. ಗಾಡಿಯನ್ನು ಹಿಡಿದಿಟ್ಟಿರುವುದು ಅದೇ. ಸ್ಕೀಗಳನ್ನು ಇಳಿಜಾರಿನ ಕಡೆಗೆ ಎಳೆದು ತಿರುಗಿಸಿ. ಟ್ರ್ಯಾಕಿನ ಮುಂದೆ ಎರಡು ಮೂರು ಮೀಟರ್ ಹಿಮವನ್ನು ತುಳಿದು ಗಟ್ಟಿ ಮಾಡಿ, ಕೆಲವು ನಿಮಿಷ ಬಿಡಿ. ಒತ್ತಿದ ಹಿಮದ ಕಣಗಳು ನಿಂತಲ್ಲೇ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಅವಸರ ಮಾಡಿದರೆ ಆ ಬಲ ಬರುವುದಿಲ್ಲ. ನಂತರ ಮೆಲ್ಲನೆ ಥ್ರಾಟಲ್ ಕೊಡಿ, ಜೊತೆಗಿರುವವರು ಸ್ಕೀ ಬದಿಯಿಂದ ಎಳೆಯಲಿ, ಟ್ರ್ಯಾಕಿನ ಹಿಂದೆ ಯಾರೂ ಬೇಡ. ರಿವರ್ಸ್ ಹಾಕಿ ಹೊರತರುವುದು ಉದ್ದ ಲಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಕೆಡುಕೇ, ಹಿಂಭಾಗ ಇನ್ನೂ ಇಳಿಯುತ್ತದೆ. ಸಾಮಾನು ಎಳೆಯುವ ಅಗಲ ಟ್ರ್ಯಾಕ್ ಗಾಡಿಗಳಲ್ಲಿ ಹಳಿಯ ಹಿಂತುದಿ ಕೀಲಿನಿಂದ ಮೇಲಕ್ಕೆ ಮಡಚುವುದಿದ್ದರೆ ಅವು ರಿವರ್ಸ್‌ನಲ್ಲೂ ಹತ್ತಿಕೊಂಡು ಬರುತ್ತವೆ.

ಹೆಪ್ಪುಗಟ್ಟಿದ ಟ್ರ್ಯಾಕನ್ನು ಥ್ರಾಟಲ್‌ನಿಂದ ಬಿಡಿಸಲು ಹೋಗಬೇಡಿ. ಕ್ಲಚ್ ಬೆಲ್ಟ್ ಸುಡುತ್ತದೆ, ಒಳ ಹಲ್ಲು ಕಿತ್ತುಬರುತ್ತದೆ. ಎಂಜಿನ್ ಆರಿಸಿಯೇ ಹಿಂದಿನ ಬಂಪರ್ ಹಿಡಿದು ಎರಡು ಮೂರು ಸಲ ಎತ್ತಿ ಬಿಡಿ, ಸ್ಕೀಗಳನ್ನು ಅತ್ತಿತ್ತ ಅಲುಗಾಡಿಸಿ. ಹಿಂದಿನ ಸಂಜೆಯೇ ಗಾಡಿಯನ್ನು ಬದಿಗೆ ವಾಲಿಸಿ ಹಳಿ, ಗಾಲಿಗಳ ನಡುವಿನ ಹಿಮ ಬಡಿದು ತೆಗೆದು, ಒದ್ದೆ ಹಿಮದ ಬದಲು ಎರಡು ಮರದ ತುಂಡುಗಳ ಮೇಲೆ ಟ್ರ್ಯಾಕನ್ನು ನಿಲ್ಲಿಸಿದರೆ ಬೆಳಿಗ್ಗೆ ಈ ಕೆಲಸವೇ ಇರುವುದಿಲ್ಲ.